ಹಾರ್ಟ್ಸ್ ಆಫ್ ಐರನ್ 4: ನಮ್ಮಪ್ಪನಿಗೆ ಹಿಡಿಸಿದ ಯುದ್ಧದ ಆಟ

ಈ ಆಟ ಕೊಂಡಿದ್ದು ಒಂಬತ್ತನೇ ಕ್ಲಾಸಿನ ಮಗನಿಗಾಗಿ. ಈಗ ಬಿಡಲಾರದೆ ಕೂತಿರುವವರು ನಮ್ಮಪ್ಪ. 2016ರಲ್ಲಿ ಬಂದ ಕಂಪ್ಯೂಟರ್ ಆಟ, ಎರಡನೇ ಮಹಾಯುದ್ಧದ್ದು. ಒಂದು ದೇಶ ಆರಿಸಿಕೊಂಡು 1936ರಿಂದ ಅಥವಾ 1939ರಿಂದ ನಡೆಸಬೇಕು. ಉಳಿದ ವಿವರ ಎಲ್ಲಾ ಕಡೆ ಸಿಗುತ್ತದೆ. ಬಳ್ಳಾರಿಯ ಒಂದು ಮನೆಯಲ್ಲಿ ಮೂರು ತಲೆಮಾರು ಸೇರಿ ಆಡಿದರೆ ಏನಾಗುತ್ತದೆ ಅಂತ ಮಾತ್ರ ಬರೆಯುತ್ತೇನೆ.

ಅಪ್ಪ ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮಗ ಸೋವಿಯತ್ ಸೈನ್ಯವನ್ನು ಮುಂದೆ ಮುಂದೆ ತಳ್ಳುತ್ತಿದ್ದ. ಡಿವಿಜನ್‌ಗಳು, ಅಂದರೆ ಸೈನ್ಯದ ತುಕಡಿಗಳು, ಸೊರಗುತ್ತಾ ಬಂದವು. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಮುಂದ ಹೋಗಬ್ಯಾಡಪ್ಪ, ಗಾಡಿ ಎಲ್ಲೀತನಕ ಹೋಗ್ತದ ಮೊದ್ಲು ನೋಡು" ಅಂದರು. ಅಲ್ಲಿಂದ ಶುರು. 2021ರ ಅಪ್‌ಡೇಟ್ ಆದ ಮೇಲೆ ಈ ಆಟದ ಜೀವ ಇರೋದೇ ರೈಲಿನಲ್ಲಿ. ಹಳಿ ಹಾಕಬೇಕು, ಸಪ್ಲೈ ಹಬ್ (ಸೈನ್ಯಕ್ಕೆ ಸಾಮಾನು ಹಂಚುವ ಕೇಂದ್ರ) ಕಟ್ಟಬೇಕು, ರೈಲುಗಳನ್ನೂ ನಾವೇ ತಯಾರಿಸಬೇಕು. ಇಲ್ಲದಿದ್ದರೆ ಎಷ್ಟು ಟ್ಯಾಂಕ್ ಇದ್ದರೂ ನಿಂತಲ್ಲೇ ನಿಲ್ಲುತ್ತವೆ. ಹುಬ್ಬಳ್ಳಿ ಲೈನು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಇದ್ದ ಕಾಲ ಅಪ್ಪನಿಗೆ ಚೆನ್ನಾಗಿ ಗೊತ್ತು. 1941ರ ಜೂನ್‌ನಲ್ಲಿ ರಷ್ಯಾದೊಳಗೆ ನುಗ್ಗಿದ ಜರ್ಮನಿಗೂ ಗೇಜಿನ ತಾಪತ್ರಯ ಇತ್ತು. ಜರ್ಮನಿಯ ಹಳಿ 1,435 ಮಿ.ಮೀ., ರಷ್ಯಾದ್ದು ಅದಕ್ಕಿಂತ ಸುಮಾರು 9 ಸೆಂ.ಮೀ. ಅಗಲ. ಒಂದೋ ಮಾಲು ಇಳಿಸಿ ಏರಿಸಬೇಕು, ಇಲ್ಲಾ ಹಳಿ ಸರಿಸಿ ಹಾಕಬೇಕು. ಅಪ್ಪ ಅದನ್ನು ವಿವರಿಸುವಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ತಾತನ ನೌಕರಿ ಏನು ಅಂತ ಅವರಿಗೆ ಸರಿಯಾಗಿ ಗೊತ್ತಾಗಿದ್ದೇ ಆವತ್ತು.

ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪನ್ನು ಸ್ಟೂಲ್ ಮೇಲಿಟ್ಟು ಟಿವಿಗೆ ಕೇಬಲ್ ಹಾಕುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿದ್ದೇನೆ. ಇಲ್ಲದಿದ್ದರೆ ಅಪ್ಪನಿಗೆ ಕಾಣುವುದಿಲ್ಲ. ಭಾನುವಾರ ಸಂಜೆ ಆದರೆ ಒಗ್ಗರಣೆ, ಮಿರ್ಚಿ. ಎಣ್ಣೆ ಕೈಯಲ್ಲಿ ಮೌಸ್ ಮುಟ್ಟುವಂತಿಲ್ಲ. ಮೌಸ್ ಮಗನದು, ಕಾರ್ಖಾನೆಗಳ ಲೆಕ್ಕ ಮಗಳದು, ಸ್ಪೇಸ್ ಬಾರ್ ಅಪ್ಪನದು. ಅದನ್ನು ಒತ್ತಿದರೆ ಇಡೀ ಯುದ್ಧ ನಿಲ್ಲುತ್ತದೆ. ಎಷ್ಟು ಹೊತ್ತಾದರೂ ಮಾತಾಡಬಹುದು, ನಿಂತಾಗಲೇ ಆದೇಶ ಕೊಡಬಹುದು. ಅವಸರವೇ ಇಲ್ಲ. ಉಕ್ಕು ಸಾಲದೆ ಟ್ಯಾಂಕ್ ತಯಾರಿಕೆ ನಿಧಾನವಾದಾಗ, ಸಂಡೂರಿನ ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ ಏನಾಗುತ್ತದೆ ಅಂತ ಮಗಳು ತಾನಾಗೇ ಕೇಳಿದಳು. ಮನೆಮಂದಿ ಹೀಗೆ ಒಟ್ಟಿಗೆ ಕೂತು ಮಾತಾಡಿ ಎಷ್ಟು ದಿನ ಆಗಿತ್ತೋ.

ಆದರೆ ಒಂದು ಸಂಗತಿ ನನಗೆ ಇವತ್ತಿಗೂ ಒಗ್ಗಿಲ್ಲ. ಇಲ್ಲಿ ರಕ್ತ ಕಾಣುವುದಿಲ್ಲ. ಸತ್ತವರು ಬರೀ ಸಂಖ್ಯೆ. ಹಾಗಾಗಿ ಮಕ್ಕಳಿಗೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ನನಗೆ ಭಯ ಆಗೋದು ಅದಕ್ಕೇ. ಆಟ ಕಲಿಸುವ ಪಾಠದಲ್ಲೇ ಇಟಲಿಯಾಗಿ ಇಥಿಯೋಪಿಯಾ ಗೆಲ್ಲಬೇಕು. ನಿಜವಾದ ಯುದ್ಧದಲ್ಲಿ ಇಟಲಿ ಅಲ್ಲಿ ವಿಷಾನಿಲ ಬಳಸಿತ್ತು. ಜರ್ಮನಿಯಾಗಿ ಆಡಬಹುದು, ಆದರೆ ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದದ್ದನ್ನು ಆಟ ತೋರಿಸುವುದಿಲ್ಲ. ಅಂಥದ್ದನ್ನು ಆಟದ ವಸ್ತು ಮಾಡಬಾರದು ಅನ್ನುವ ಮಾತು ನನಗೂ ಸರಿ ಅನ್ನಿಸುತ್ತದೆ. ಆದರೂ ಚರಿತ್ರೆ ಓದದ ಹುಡುಗನಿಗೆ ಆ ಜರ್ಮನಿ ಒಳ್ಳೆ ಟ್ಯಾಂಕ್ ಇರುವ ಒಂದು ದೇಶ, ಅಷ್ಟೇ.

ಬ್ರಿಟಿಷ್ ರಾಜ್ (ಬ್ರಿಟಿಷರ ಕಾಲದ ಭಾರತ) ಆರಿಸಿಕೊಂಡು ಬರ್ಮಾ ಗಡಿಗೆ ಸಾಮಾನು ಸಾಗಿಸುತ್ತಿದ್ದಾಗ ಸ್ಪೇಸ್ ಬಾರ್ ಒತ್ತಿದವಳು ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾಳೆ. 1942ರಲ್ಲಿ ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಅಕ್ಕಿ ಬರೋದು ನಿಂತಿತು. ಶತ್ರುವಿಗೆ ಸಿಗಬಾರದು ಅಂತ ಬಂಗಾಳದ ಜನರ ದೋಣಿಗಳನ್ನು ಸರ್ಕಾರವೇ ಕಿತ್ತುಕೊಂಡಿತು. 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಇದನ್ನೆಲ್ಲಾ ಹೇಳಿದಳು. "ಜನರಿಗೆ ಅಕ್ಕಿ ಒಯ್ಯೋ ಗಾಡಿ ಎಲ್ಲಿ?" ಅಂತ ಮಗಳು ಕೇಳಿದಳು. ಸಪ್ಲೈ ನಕಾಶೆ ತೋರಿಸೋದು ಸೈನ್ಯಕ್ಕೆ ಹೋಗುವ ಸಾಮಾನು ಮಾತ್ರ. ಅಪ್ಪ ಆವತ್ತು ಮುಂದೆ ಆಡಲಿಲ್ಲ.

ಅಲ್ಲಿಂದ ನಮ್ಮಲ್ಲಿ ಮಕ್ಕಳು ಒಬ್ಬೊಬ್ಬರೇ ಇದನ್ನು ಆಡುವುದಿಲ್ಲ. ದೊಡ್ಡವರು ಜೊತೆಗೆ ಕೂರುವಂತಿದ್ದರೆ ಹೈಸ್ಕೂಲಿನ ಮಕ್ಕಳಿಗೆ ಧೈರ್ಯವಾಗಿ ಕೊಡಿಸಿ. ಸುಮ್ನೆ ಕೈಗೆ ಕೊಟ್ಟು ಎದ್ದು ಹೋಗುವವರು ಬೇರೆ ಆಟ ನೋಡಿ. ಆನ್‌ಲೈನ್‌ನಲ್ಲಿ ಗುರುತಿಲ್ಲದವರ ಜೊತೆ ಆಡಿಸುವುದು ಬೇಡ. ಕಲಿಯಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಸೇಲ್ ಬಂದಾಗ ಮೂಲ ಆಟ ಮಾತ್ರ ತಗೊಳ್ಳಿ. ಬೇರೆಯಾಗಿ ಮಾರುವ ಹೆಚ್ಚುವರಿ ಪ್ಯಾಕ್‌ಗಳನ್ನೆಲ್ಲಾ ಸೇರಿಸಿದರೆ ಖರ್ಚು ಬಹಳ ಜಾಸ್ತಿ, ನಮ್ಮ ಬಜೆಟ್ಟಿಗೆ ಆಗಲಿಲ್ಲ. ರೈಲು, ಸಪ್ಲೈ ಎಲ್ಲಾ ಮೂಲ ಆಟದಲ್ಲೇ ಇದೆ. ಆಟದಲ್ಲಿ 1943 ದಾಟಿದ ಮೇಲೆ ನಮ್ಮ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಬಳ್ಳಾರಿ ಬೇಸಿಗೆಯಲ್ಲಂತೂ ಕೂಲರ್ ಅದರ ಕಡೆ ತಿರುಗಿಸಲೇಬೇಕು. ಮುಂದಿನ ಸಲ ಚೀನಾ ಆಗಿ ಆಡೋಣ ಅಂತ ಮಗನ ಹಟ. ಅಲ್ಲಿ ರೈಲು ಲೈನು ಕಡಿಮೆ ಅಂತ ಅಪ್ಪ ಇನ್ನೂ ಒಪ್ಪಿಲ್ಲ.