ಡ್ರೈ ಐಸ್ ಹೊಗೆ: ಬಿಳುಪು ಕರಗಿದ ಮೇಲೂ ಅನಿಲ ನೆಲದಲ್ಲೇ ಇರುತ್ತದೆ

2020ರ ಫೆಬ್ರುವರಿ ಕೊನೆಯಲ್ಲಿ ಮಾಸ್ಕೋದಲ್ಲೊಂದು ಹುಟ್ಟುಹಬ್ಬದ ಪಾರ್ಟಿ. ಒಳಾಂಗಣದ ಈಜುಕೊಳದ ಮೇಲೆ ಹೊಗೆ ಏಳಲಿ ಎಂದು ಸುಮಾರು 25 ಕಿಲೋ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್, ನೀರಿಗೆ ಸುರಿದರು. ಕೊಳಕ್ಕಿಳಿದವರಿಗೆ ಉಸಿರು ಕಟ್ಟಿ ಪ್ರಜ್ಞೆ ತಪ್ಪಿತು. ಮೂವರು ಸತ್ತರು. ನಮ್ಮ ಕಲ್ಯಾಣಮಂಟಪಗಳಲ್ಲಿ ವಧೂವರರು ಮೋಡದ ಮೇಲೆ ನಡೆದು ಬಂದಂತೆ ಕಾಣಲೆಂದು, ನೃತ್ಯನಾಟಕಗಳಲ್ಲಿ ಕೈಲಾಸ ತೋರಿಸಲೆಂದು ಬಳಸುವುದೂ ಇದನ್ನೇ: ಬಿಸಿನೀರು, ಅದರೊಳಗೆ ಡ್ರೈ ಐಸ್.

ಕಾಣುವ ಬಿಳಿ ಹೊಗೆ ಬರೀ ನೀರಿನ ಹನಿ. ಜೊತೆಗೆ ಹೊರಡುವ ಕಾರ್ಬನ್ ಡೈಆಕ್ಸೈಡ್ ಕಾಣುವುದಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹೊಗೆ ಕರಗಿತು ಎಂದು ಎಲ್ಲರೂ ನಿರಾಳವಾಗುವ ಹೊತ್ತಿಗೆ ಈ ಅನಿಲ ಇನ್ನೂ ನೆಲದ ಮೇಲೆ ಹರಡಿಕೊಂಡಿರುತ್ತದೆ.

ಲೆಕ್ಕ ಹಾಕಿ. 1 ಕಿಲೋ ಡ್ರೈ ಐಸ್‌ನಿಂದ ಸುಮಾರು 540 ಲೀಟರ್ ಅನಿಲ. 5 ಕಿಲೋಗೆ 2.7 ಘನ ಮೀಟರ್. 6 ಮೀಟರ್ ಅಗಲ, 5 ಮೀಟರ್ ಆಳದ ವೇದಿಕೆಯ ಮೇಲೆ ಮಂಡಿಯೆತ್ತರದ (ಅರ್ಧ ಮೀಟರ್) ಪದರ ಅಂದರೆ 15 ಘನ ಮೀಟರ್. ಅನಿಲವೆಲ್ಲ ಅಷ್ಟರಲ್ಲೇ ನಿಂತರೆ ಶೇ. 18. ಕೆಲಸದ ಜಾಗಗಳಲ್ಲಿ 15 ನಿಮಿಷಕ್ಕೆ ಒಪ್ಪುವ ಮಿತಿ ಶೇ. 3, ಶೇ. 10 ದಾಟಿದರೆ ನಿಮಿಷಗಳಲ್ಲೇ ಪ್ರಜ್ಞೆ ಹೋಗಬಹುದು. ನಿಜ, ಒಂದಷ್ಟು ಅಂಚಿನಿಂದ ಕೆಳಗೆ ಹರಿದುಹೋಗುತ್ತದೆ. ಆದರೆ ಹರಿಯುವುದು ಎಲ್ಲಿಗೆ? ಮುಂದೆ ನೆಲದ ಮೇಲೆ ಕೂತ ಮಕ್ಕಳ ಕಡೆಗೆ, ವಾದ್ಯದವರು ಕೂರುವ ತಗ್ಗಿಗೆ.

ಆದ್ದರಿಂದ ಹೊಗೆಯಿರುವ ದೃಶ್ಯದಲ್ಲಿ ಯಾರನ್ನೂ ಮಲಗಿಸಬೇಡಿ, ಕೂರಿಸಬೇಡಿ. ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಅದನ್ನು ನಂಬಬೇಡಿ. ನೆಲಮಟ್ಟದಲ್ಲಿ ಹೊರಕ್ಕೆಳೆಯುವ ಫ್ಯಾನ್ ಬೇಕು. ಆಮ್ಲಜನಕದ ಮೀಟರ್ ಕೂಡ ಸಾಲದು: ಕಾರ್ಬನ್ ಡೈಆಕ್ಸೈಡ್ ಶೇ. 3 ಆದಾಗ ಆಮ್ಲಜನಕ ಶೇ. 20.9ರಿಂದ 20.3ಕ್ಕೆ ಇಳಿದಿರುತ್ತದೆ ಅಷ್ಟೇ. ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ ಮೀಟರ್ ನೆಲದ ಹತ್ತಿರ ಇಡಿ. ಮನೆಬಳಕೆಯ ಅಗ್ಗದ ಮೀಟರುಗಳಲ್ಲಿ ಹಲವು 5,000 ಪಿಪಿಎಂಗೇ ನಿಂತುಬಿಡುತ್ತವೆ, ಅಂದರೆ ಶೇ. 0.5ಕ್ಕೆ.

ತಲೆನೋವು, ಏದುಸಿರು, ತಲೆ ಸುತ್ತು ಎಂದು ಯಾರಾದರೂ ಹೇಳಿದರೆ ಸುಸ್ತು ಎಂದುಕೊಳ್ಳದೆ ಬಯಲಿಗೆ ಕಳಿಸಿ. ತಗ್ಗಿನಲ್ಲಿ ಬಿದ್ದವರನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿಯಬೇಡಿ. ಮೊದಲು ಬಾಗಿಲು ತೆರೆದು ಫ್ಯಾನ್ ಹಾಕಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಉಳಿದ ಡ್ರೈ ಐಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿದರೆ ಸಿಡಿಯುತ್ತದೆ. ಅದು ಮೈನಸ್ 78.5 ಡಿಗ್ರಿ, ಬರಿಗೈ ಸುಡುತ್ತದೆ. ಥರ್ಮೋಕೋಲ್ ಪೆಟ್ಟಿಗೆ, ದಪ್ಪ ಕೈಗವಸು ಬೇಕು. ಕಾರಿನಲ್ಲಿ ಸಾಗಿಸುವಾಗ ಕಿಟಕಿಗಳು ತೆರೆದಿರಲಿ.