ಟ್ಯಾಂಕ್ ಇಲ್ಲದ ಏರ್‌ಬ್ರಷ್ ಕಿಟ್ ಕೊಳ್ಳುವ ಮುನ್ನ

ಮಣ್ಣಿನ ಗಣಪತಿಗೆ ಬಣ್ಣ ಹಚ್ಚುವ ಹವ್ಯಾಸಕ್ಕೆಂದು ಆನ್‌ಲೈನ್ ಮಾರಾಟಗಾರರೊಬ್ಬರಿಂದ ಕಲಬುರಗಿಗೆ ತರಿಸಿಕೊಂಡ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕಿಟ್, ಹಣದ ಜೊತೆಗೆ ಆ ವರ್ಷದ ಹಬ್ಬದ ಕೆಲಸವನ್ನೂ ಕೆಡಿಸಿತು. ಪೆಟ್ಟಿಗೆಯಲ್ಲಿ ಬ್ರಷ್, ಒಂದೇ ಕೈಯಲ್ಲಿ ಎತ್ತಬಹುದಾದ, ಗಾಳಿಯನ್ನು ಒತ್ತಿ ಕಳಿಸುವ ಕಂಪ್ರೆಸರ್, ಪೈಪು ಮತ್ತು ಸಾಲುಸಾಲು ಬಣ್ಣದ ಬಾಟಲಿಗಳಿದ್ದವು. ಗಾಳಿಯನ್ನು ತುಂಬಿಟ್ಟುಕೊಳ್ಳುವ ಟ್ಯಾಂಕ್, ಒತ್ತಡ ಹೊಂದಿಸುವ ರೆಗ್ಯುಲೇಟರ್, ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಇರಲಿಲ್ಲ. ಇಂಥ ಕಿಟ್‌ಗಳನ್ನೇ ಹೊಸಬರಿಗೆ ಹೇಳಿ ಮಾಡಿಸಿದ್ದೆಂದು ಮಾರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚು ದಾರಿ ತಪ್ಪಿಸುವುದು ಡಬ್ಬಿಯ ಮೇಲಿನ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಂಕಿ. ಅಲ್ಲಿ ಬರೆದಿರುವ ಗರಿಷ್ಠ ಒತ್ತಡ, ಗಾಳಿ ಹೊರಹೋಗಲು ದಾರಿಯಿಲ್ಲದಾಗ ಸಿಗುವಂಥದ್ದು. ಟ್ರಿಗರ್ ಒತ್ತಿ ಗಾಳಿ ಹರಿಯತೊಡಗಿದ ಕೂಡಲೇ ಅದು ಕುಸಿಯುತ್ತದೆ. ಹಾಲಿನಷ್ಟು ತೆಳುವಾಗಿ ಕಲಸಿದ ಅಕ್ರಿಲಿಕ್ ಬಣ್ಣಕ್ಕೂ ಸಾಮಾನ್ಯವಾಗಿ 15ರಿಂದ 25 ಪಿಎಸ್‌ಐ ಬೇಕು, ಅದೂ ಏರಿಳಿತವಿಲ್ಲದೆ ಬೇಕು. ಟ್ಯಾಂಕ್ ಇಲ್ಲದಾಗ ಪಿಸ್ಟನ್ನಿನ ಬಡಿತವೇ ಬ್ರಷ್‌ವರೆಗೆ ಬರುವುದರಿಂದ ಬಣ್ಣ ಒಮ್ಮೆ ತೆಳುವಾಗಿ, ಒಮ್ಮೆ ದಪ್ಪವಾಗಿ ಬೀಳುತ್ತದೆ. ಬಿಡುವಿಲ್ಲದೆ ಓಡುವ ಕಂಪ್ರೆಸರ್ ಬೇಗನೆ ಮುಟ್ಟಲಾರದಷ್ಟು ಕಾದು ನಿಂತುಬಿಡುತ್ತಿತ್ತು.

ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ನೀರು. ಒತ್ತಿದಾಗ ಬಿಸಿಯಾಗುವ ಗಾಳಿ ಪೈಪಿನಲ್ಲಿ ತಣಿದು, ಅದರಲ್ಲಿದ್ದ ತೇವ ಹನಿಗಟ್ಟುತ್ತದೆ. ಭಾದ್ರಪದದಲ್ಲಿ ನಮ್ಮ ಕಡೆ ಮಳೆ ಹಿಡಿದಾಗ ಈ ಕಾಟ ಹೇಳತೀರದು; ಪೀತಾಂಬರದ ಹಳದಿಯ ಮೇಲೆ ಹನಿಗಳು ಸಿಡಿದು, ಬಣ್ಣ ಕರಗಿ, ಕೆಳಗಿನ ಮಣ್ಣು ಕಾಣಿಸಿತು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬ್ರಷ್‌ನೊಳಗಿನ ಸೂಜಿಯ ತುದಿಯಲ್ಲೇ ಬಣ್ಣ ಒಣಗುವುದುಂಟು, ಆದರೆ ಅದು ಒಳ್ಳೆಯ ಬ್ರಷ್‌ನಲ್ಲಿಯೂ ಆಗುವಂಥದ್ದು. ಬಣ್ಣಕ್ಕೆ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ದ್ರವವನ್ನು ಕೆಲವು ಹನಿ ಬೆರೆಸಿದರೆ ತಕ್ಕಮಟ್ಟಿಗೆ ತಡೆಯಬಹುದು.

ಸ್ವಚ್ಛಗೊಳಿಸುವಾಗ, ಬಣ್ಣ ಹೊರಬರುವ ತುದಿಯ ನಾಝಲ್ ಸೀಳಿತು. ಅದೊಂದನ್ನೇ ಕೊಡಿರೆಂದು ಕೇಳಿದಾಗ, ಬಿಡಿಭಾಗಗಳನ್ನು ಮಾರುವುದಿಲ್ಲ, ಬಣ್ಣ ತಾಗಿದ ಬ್ರಷ್ಷನ್ನು ಹಿಂದಕ್ಕೂ ಪಡೆಯುವುದಿಲ್ಲ ಎಂಬ ಉತ್ತರ ಬಂತು. ಆದ್ದರಿಂದ ಸೂಜಿ ಮತ್ತು ನಾಝಲ್ ಬೇರೆಯಾಗಿ ಸಿಗುತ್ತವೆಯೇ, ಪೈಪಿನ ಜೋಡಣೆ ಹೆಚ್ಚು ಬಳಕೆಯಲ್ಲಿರುವ 1/8 ಬಿಎಸ್‌ಪಿ ಎಂಬ ತಿರುಪಿನ ಅಳತೆಯದೇ ಎಂದು ಹಣ ಕೊಡುವ ಮೊದಲೇ ಕೇಳಿರಿ. ಬಾಟಲಿಗಳ ಸಂಖ್ಯೆ ನೋಡಿ ಮರುಳಾಗಬೇಡಿರಿ.

ಆರಂಭಕ್ಕೆ, ಬಣ್ಣದ ಬಟ್ಟಲು ಮೇಲಿರುವ, ಗಾಳಿ ಮತ್ತು ಬಣ್ಣ ಎರಡನ್ನೂ ಒಂದೇ ಟ್ರಿಗರ್‌ನಿಂದ ಹತೋಟಿಯಲ್ಲಿಡುವ 0.3 ಮಿಲಿಮೀಟರ್ ನಾಝಲ್‌ನ ಡಬಲ್ ಆಕ್ಷನ್ ಬ್ರಷ್ ಸಾಕು. ಹಣವನ್ನು ಕಂಪ್ರೆಸರ್ ಮೇಲೆ ಹಾಕಿರಿ: ಎಣ್ಣೆ ಬೇಡದ ಪಿಸ್ಟನ್ ಮಾದರಿ, ಸುಮಾರು 3 ಲೀಟರ್ ಟ್ಯಾಂಕ್, ತಾನಾಗಿ ನಿಲ್ಲುವ ಸ್ವಿಚ್, ಮೀಟರ್ ಸಹಿತ ರೆಗ್ಯುಲೇಟರ್ ಮತ್ತು ಟ್ರ್ಯಾಪ್ ಇರಲಿ. ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಅಂಗಡಿಯಲ್ಲಿ ನೋಡಿ ಕೊಳ್ಳುವುದಾದರೆ ಟ್ರಿಗರ್ ಒತ್ತಿ ಹಿಡಿದು ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಗಮನಿಸಿರಿ. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಸಿಕ್ಕ ಸಿಲಿಂಡರಿಗೆ ಜೋಡಿಸಿಕೊಡುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದರ ಸದ್ದು ಕಡಿಮೆಯೆಂಬುದು ನಿಜ, ಆದರೆ ಗಾಳಿಯೊಡನೆ ಎಣ್ಣೆಯೂ ಬರುತ್ತದೆ. ಸೇಫ್ಟಿ ವಾಲ್ವ್ ಇಲ್ಲದ ಸಿಲಿಂಡರ್ ಸಿಡಿಯಬಹುದಾದ್ದರಿಂದ ಅದನ್ನು ಮನೆಯೊಳಗೆ ತರಲೇಬಾರದು.