ಪಂಪ್, ಪುಡಿ, ಸ್ಪೇಸರ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಲೆಕ್ಕ

ಅಸ್ತಮಾ ಇನ್ಹೇಲರ್ ಬಗ್ಗೆ ಕೇಳುವವರು ಮೊದಲು ಕೇಳುವುದು ‘ಯಾವುದು ಸ್ಟ್ರಾಂಗ್?’ ಅಂತ. ಮೂರ್ನಾಲ್ಕು ಥರದವನ್ನು ವರ್ಷಗಳಿಂದ ಬಳಸುತ್ತಿರುವ ನನಗೆ ಅದು ಆಮೇಲಿನ ಪ್ರಶ್ನೆ. ಮೊದಲು ನೋಡಬೇಕಾದ್ದು, ಅದು ಎಂಥ ಉಸಿರು ಕೇಳುತ್ತದೆ ಅನ್ನೋದು. ಒಂದೇ ಔಷಧಿ ಪಂಪಿನಲ್ಲೂ ಬರುತ್ತದೆ, ಪುಡಿಯಲ್ಲೂ ಬರುತ್ತದೆ. ಪಂಪಿಗೆ ನಿಧಾನವಾಗಿ ಎಳೆಯಬೇಕು, ಪುಡಿಗೆ ಜೋರಾಗಿ ಎಳೆಯಬೇಕು. ಇದು ಅದಲುಬದಲಾದರೆ ಔಷಧಿ ಹೆಚ್ಚುಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತದೆ.

ಪಂಪ್ ಅಂದರೆ ಒತ್ತಿದಾಗ ಬುಸ್ ಅನ್ನುವ ಡಬ್ಬಿ. 1956ರಲ್ಲಿ ಮೊದಲು ಬಂದದ್ದು, ಇವತ್ತಿಗೂ ಮೂಲ ರಚನೆ ಹಾಗೇ ಇದೆ: ಒಳಗೆ ಒತ್ತಡದಲ್ಲಿ ತುಂಬಿದ ಲೋಹದ ಡಬ್ಬಿ, ಹೊರಗೆ ಪ್ಲಾಸ್ಟಿಕ್ ಕವಚ. ಜೇಬಲ್ಲಿ ಹಿಡಿಯುತ್ತದೆ. ಔಷಧಿಯನ್ನು ಹೊರಗೆ ತಳ್ಳುವುದು ಗ್ಯಾಸ್, ಹಾಗಾಗಿ ಉಸಿರು ಸಣ್ಣಗಾದಾಗಲೂ ಡೋಸ್ ಹೊರಬರುತ್ತದೆ. ಕಷ್ಟ ಇರುವುದು ಟೈಮಿಂಗಲ್ಲಿ. ಉಸಿರು ಎಳೆಯಲು ಶುರು ಮಾಡುತ್ತಲೇ ಒತ್ತಬೇಕು, ಒತ್ತಿದ ಮೇಲೂ 4-5 ಸೆಕೆಂಡ್ ನಿಧಾನವಾಗಿ ಎಳೆಯುತ್ತಿರಬೇಕು, ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಬೇಕು. ಕೆಲವು ಪಂಪುಗಳ ಗ್ಯಾಸ್ ತಣ್ಣಗೆ ಗಂಟಲಿಗೆ ಹೊಡೆಯುತ್ತದೆ. ಹೊಡೆದ ತಕ್ಷಣ ಉಸಿರು ತಾನಾಗೇ ನಿಂತುಬಿಡುತ್ತದೆ, ಬಾಯಿಂದ ಸ್ವಲ್ಪ ಬಿಳಿ ಹೊಗೆ ಆಚೆ ಬರುತ್ತದೆ. ಆ ಹೊಗೆ ಕಂಡರೆ ಡೋಸ್ ಪೂರ್ತಿ ಒಳಗೆ ಹೋಗಿಲ್ಲ ಅಂತಲೇ ಅರ್ಥ.

ಇದಕ್ಕೆ ಸ್ಪೇಸರ್ ಒಳ್ಳೆಯ ಉಪಾಯ. ಸುಮ್ನೆ ಒಂದು ಪ್ಲಾಸ್ಟಿಕ್ ಕೊಳವೆ, ಒಂದು ಕಡೆ ಪಂಪ್, ಇನ್ನೊಂದು ಕಡೆ ಬಾಯಿ. ಆದರೂ ನನ್ನ ಎಲ್ಲ ಸಾಮಾನಲ್ಲಿ ಜಾಸ್ತಿ ಅಂಕ ಇದಕ್ಕೇ. ಔಷಧಿಯ ದೊಡ್ಡ ಹನಿಗಳು ಕೊಳವೆಯ ಗೋಡೆಗೆ ಅಂಟುತ್ತವೆ, ಸಣ್ಣವು ಉಸಿರಿನ ಜೊತೆ ಒಳಗೆ ಹೋಗುತ್ತವೆ. ಗಂಟಲು ಕೆರೆತ ಕಮ್ಮಿ, ಟೈಮಿಂಗ್ ಚಿಂತೆಯೂ ಇಲ್ಲ. ನನ್ನ ಸ್ಪೇಸರಿಗೆ ಒಂದು ಪುಟ್ಟ ಸೀಟಿ ಇದೆ, ವೇಗವಾಗಿ ಎಳೆದರೆ ಅದು ಕೂಗುತ್ತದೆ. ಕೂಗದಂತೆ ಎಳೆಯುವುದೇ ಸರಿಯಾದ ಕ್ರಮ. ಒಂದು ಸಲಕ್ಕೆ ಒಂದೇ ಪಫ್. ಎರಡು ಮೂರು ಒಟ್ಟಿಗೆ ತುಂಬಿಸಿ ಎಳೆದರೆ ಹನಿಗಳು ಒಂದಕ್ಕೊಂದು ಸೇರಿ ಭಾರವಾಗಿ ಗೋಡೆಗೇ ಹತ್ತಿಕೊಳ್ಳುತ್ತವೆ. ತೊಳೆದ ಮೇಲೆ ಒಳಗಡೆ ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಔಷಧಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸೋಪಿನ ನೀರಲ್ಲಿ ಅದ್ದಿ, ತಾನಾಗಿ ಆರಲು ಬಿಡಬೇಕು ಅಷ್ಟೇ. ಒಂದೇ ಒಂದು ದೂರು: ಜೇಬಿಗೆ ಹಿಡಿಯುವ ಸೈಜಲ್ಲ. ಬ್ಯಾಗ್ ಇಲ್ಲದೆ ಹೊರಟ ದಿನ ಸ್ಪೇಸರ್ ಮನೆಯಲ್ಲೇ ಉಳಿಯುತ್ತದೆ.

ಪುಡಿಯ ಇನ್ಹೇಲರಿನಲ್ಲಿ ಗ್ಯಾಸ್ ಇಲ್ಲ, ಒತ್ತುವ ಕೆಲಸವೂ ಇಲ್ಲ. ಪುಡಿಯನ್ನು ಒಡೆದು ಸಣ್ಣಗೆ ಮಾಡುವುದು ನಮ್ಮ ಉಸಿರೇ. ಹಾಗಾಗಿ ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಕ್ಯಾಪ್ಸೂಲ್ ಹಾಕುವ ಬಗೆಯಲ್ಲಿ ಒಂದು ಅನುಕೂಲ ಇದೆ, ಎಳೆದ ಮೇಲೆ ಒಳಗೆ ಪುಡಿ ಉಳಿದಿದೆಯೋ ಇಲ್ಲವೋ ಕಣ್ಣಾರೆ ನೋಡಬಹುದು. ಉಳಿದಿದ್ದರೆ ಇನ್ನೊಮ್ಮೆ ಎಳೆದರಾಯಿತು. ಆದರೆ ಏದುಸಿರು ಬಿಡುವಾಗ ಪಟ್ಟಿ ಹರಿದು, ಕ್ಯಾಪ್ಸೂಲ್ ತೆಗೆದು, ಗೂಡಿಗೆ ಕೂರಿಸುವುದು ತಲೆನೋವು. ಬೆರಳು ನಡುಗುತ್ತಿದ್ದರಂತೂ ಕೇಳಲೇಬೇಡಿ.

ಡೋಸ್ ಮೊದಲೇ ತುಂಬಿ ಬರುವ ಪುಡಿ ಡಿವೈಸುಗಳು ದಿನನಿತ್ಯಕ್ಕೆ ನನಗೆ ಹಿಡಿಸಿವೆ. ಟರ್ಬುಹೇಲರ್ ಅನ್ನು ನೆಟ್ಟಗೆ ಹಿಡಿದು ಬುಡ ತಿರುಗಿಸಿದರೆ ಕಟಕ್ ಅನ್ನುತ್ತದೆ, ಡೋಸ್ ರೆಡಿ. ಪುಡಿ ಎಷ್ಟು ಕಮ್ಮಿ ಅಂದರೆ ಎಳೆದದ್ದೇ ಗೊತ್ತಾಗುವುದಿಲ್ಲ, ರುಚಿಯೂ ಇಲ್ಲ. ಹೋಯಿತೋ ಇಲ್ಲವೋ ಅಂತ ಅನುಮಾನ ಬಂದು ಮತ್ತೆ ಮತ್ತೆ ಎಳೆಯುವವರಿದ್ದಾರೆ. ಇನ್ನೊಂದು ತಮಾಷೆ, ಖಾಲಿಯಾದ ಮೇಲೂ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಅದು ಔಷಧಿಯಲ್ಲ, ತೇವ ಹೀರಲು ಇಟ್ಟಿರುವ ವಸ್ತು. ಡೋಸ್ ಕಿಟಕಿಯನ್ನೇ ನೋಡಬೇಕು. ಪುಡಿಗೆ ತೇವ ಆಗದು, ಆದ್ದರಿಂದ ಇದರೊಳಗೆ ಉಸಿರು ಬಿಡುವಂತಿಲ್ಲ, ನೀರಲ್ಲಿ ತೊಳೆಯುವಂತಿಲ್ಲ. ಹಲವು ಪುಡಿಗಳಲ್ಲಿ ಲ್ಯಾಕ್ಟೋಸ್ ಇರುತ್ತದೆ, ಹಾಲಿನ ಪ್ರೋಟೀನ್ ಅಲರ್ಜಿ ತೀವ್ರವಾಗಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ತೀರಾ ಉಸಿರು ಕಟ್ಟಿದಾಗ ಜೋರಾಗಿ ಎಳೆಯಲು ಕೆಲವರಿಗೆ ಆಗುವುದಿಲ್ಲ. ಸಣ್ಣ ಮಕ್ಕಳಿಗೂ ಪುಡಿಗಿಂತ ಪಂಪ್ ಮತ್ತು ಸ್ಪೇಸರ್ ಕೊಡುವುದು ಅದಕ್ಕೇ.

ಇನ್ನು ಔಷಧಿಯ ವಿಷಯ. ಸಾಲ್ಬುಟಮಾಲ್ ಕೆಲವೇ ನಿಮಿಷದಲ್ಲಿ ಉಸಿರ ಕೊಳವೆ ಸಡಿಲ ಮಾಡುತ್ತದೆ, 4-6 ಗಂಟೆ ಇರುತ್ತದೆ. ಒಳಗಿನ ಊತವನ್ನು ಅದು ಮುಟ್ಟುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್ ಥರದ ಸ್ಟೆರಾಯ್ಡ್. ಅದು ನಿಧಾನ, ದಿನಾ ಬೇಕು, ಎಳೆದ ಕೂಡಲೇ ಏನೂ ಅನಿಸುವುದಿಲ್ಲ. ಅದಕ್ಕೇ ಜನ ಅದನ್ನು ಬಿಟ್ಟು, ತಕ್ಷಣ ಹಾಯೆನಿಸುವುದನ್ನೇ ಹಿಡಿದುಕೊಳ್ಳುತ್ತಾರೆ. 200 ಡೋಸಿನ ರಿಲೀವರ್, ಅಂದರೆ ಸಾಲ್ಬುಟಮಾಲ್ ಥರ ತಕ್ಷಣ ಹಾಯೆನಿಸುವ ಇನ್ಹೇಲರ್, ವರ್ಷಕ್ಕೆ 3 ಅಥವಾ ಹೆಚ್ಚು ಖಾಲಿಯಾದರೆ ದೊಡ್ಡ ಅಟ್ಯಾಕಿನ ಅಪಾಯ ಜಾಸ್ತಿ. 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿ ‘ಜೀನಾ’ ಕೂಡ ದೊಡ್ಡವರಿಗೆ, ಹದಿಹರೆಯದವರಿಗೆ ಬರೀ ಸಾಲ್ಬುಟಮಾಲ್ ಸಾಲದು ಅನ್ನುತ್ತಿದೆ. ಉಸಿರ ಕೊಳವೆ ಸಡಿಲಿಸುವ ಇನ್ನೊಂದು ಔಷಧಿ ಫಾರ್ಮೊಟೆರಾಲ್ ಬೇಗ ಕೆಲಸ ಮಾಡುತ್ತದೆ, ಆದ್ದರಿಂದ ಸ್ಟೆರಾಯ್ಡ್ ಜೊತೆ ಸೇರಿಸಿದ ಒಂದೇ ಇನ್ಹೇಲರನ್ನು ಎರಡೂ ಕೆಲಸಕ್ಕೆ ಕೊಡುವುದುಂಟು. ಸಾಲ್ಮೆಟೆರಾಲ್ ಇರುವುದನ್ನು ಹಾಗೆ ಬಳಸಲಾಗದು, ಅದು ಶುರುವಾಗುವುದೇ ತಡ. ನೀಲಿ ಅಂದರೆ ರಿಲೀವರ್ ಅಂತ ಬಣ್ಣ ನಂಬಿ ಕೂರಬೇಡಿ, ಲೇಬಲ್ ಓದಿ. ಸ್ಟೆರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರಬಹುದು, ದನಿಯೂ ಒಡೆಯಬಹುದು.

ಪಂಪ್ ಖಾಲಿಯಾಯಿತೇ ಅಂತ ಡಬ್ಬಿಯನ್ನು ನೀರಲ್ಲಿ ತೇಲಿಸಿ ನೋಡುವ ಪದ್ಧತಿ ಇನ್ನೂ ಇದೆ. ಅದು ನಂಬುವಂಥದ್ದಲ್ಲ. ಡೋಸ್ ಮುಗಿದ ಮೇಲೂ ಗ್ಯಾಸ್ ಉಳಿದು ಬುಸ್ ಅನ್ನುತ್ತಲೇ ಇರುತ್ತದೆ. ಕೌಂಟರ್ ಇರುವ ಪಂಪನ್ನೇ ಕೇಳಿ ತಗೊಳ್ಳಿ. ಹೊಸದನ್ನು, ಅಥವಾ ಬಹಳ ದಿನ ಮುಟ್ಟದೆ ಇಟ್ಟದ್ದನ್ನು, ಮೊದಲು ಕುಲುಕಿ ಗಾಳಿಗೆ ಒತ್ತಿ ನೋಡಬೇಕು. ಎಷ್ಟು ಸಲ ಅನ್ನೋದು ಪಂಪಿನ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ.

ಔಷಧಿಯನ್ನು ಮಂಜಿನ ಹಾಗೆ ಮಾಡಿ ಕೊಡುವ ಮಷಿನ್, ನೆಬ್ಯುಲೈಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಾಧಾರಣ ಅಟ್ಯಾಕಿನಲ್ಲಿ ಪಂಪ್ ಮತ್ತು ಸ್ಪೇಸರ್ ಅದರಷ್ಟೇ ಕೆಲಸ ಮಾಡುತ್ತವೆ, ಕರೆಂಟೂ ಬೇಡ, ಸದ್ದೂ ಇಲ್ಲ.

ಒಂದು ಔಷಧಿ ಅಂಗಡಿಯಲ್ಲಿ ‘ಅದೇ ಔಷಧಿ, ಕಂಪನಿ ಬೇರೆ’ ಅಂತ ನನಗೆ ಪುಡಿಯ ಬದಲು ಪಂಪ್ ಕೊಟ್ಟಿದ್ದರು. ಔಷಧಿ ಅದೇ, ಉಸಿರು ಬೇರೆ, ಅಲ್ವಾ? ಆಮೇಲಿಂದ ಡಾಕ್ಟರ ಹತ್ತಿರ ಚೀಟಿಯಲ್ಲಿ ಡಿವೈಸಿನ ಹೆಸರನ್ನೂ ಬರೆಸಿಕೊಳ್ಳುತ್ತೇನೆ. ಬದಲಾಯಿಸಲೇಬೇಕಾಗಿ ಬಂದರೆ, ಅವರ ಎದುರೇ ಒಂದು ಸಲ ಎಳೆದು ತೋರಿಸಿ, ಸರಿಯಿದೆಯಾ ಕೇಳಿಯೇ ಎದ್ದು ಬರುತ್ತೇನೆ.